ಫಿಟ್ಸ್ ಸಿರಪ್ ಕುಡಿಯುವ ಮಗನಿಗೆ ಪ್ಲೇಟ್‌ಲೆಟ್ 92 ಸಾವಿರ: ನಿಮ್ಮ ಮಕ್ಕಳಿಗೂ ಹೀಗಾಗಿತ್ತಾ?

ನಾಪೋಕ್ಲು ಅಮ್ಮ | ಭಾನುವಾರ, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಓದುತ್ತಿದ್ದೆ ಅಷ್ಟೇ, ಬರೆದಿರಲಿಲ್ಲ. ಇವತ್ತು ನಿದ್ದೆ ಬರುತ್ತಿಲ್ಲ.

ನನ್ನ ಮಗನಿಗೆ 7 ವರ್ಷ. ನಾಲ್ಕು ತುಂಬಿದ ಮೇಲೆ ಫಿಟ್ಸ್ ಶುರುವಾಯಿತು. ಎರಡು ವರ್ಷದಿಂದ ವಾಲ್ಪ್ರೊಯೇಟ್ ಸಿರಪ್ ಕೊಡುತ್ತಿದ್ದೇವೆ. 14 ತಿಂಗಳಿಂದ ಒಂದೂ ಫಿಟ್ಸ್ ಬಂದಿಲ್ಲ. ಶಾಲೆಗೆ ಹೋಗುತ್ತಾನೆ, ಆಡುತ್ತಾನೆ, ನಾವೂ ಸ್ವಲ್ಪ ಉಸಿರು ಬಿಟ್ಟಿದ್ದೆವು.

ಹೋದ ಸೋಮವಾರ ಅಜ್ಜನ ಜೊತೆ ತೋಟಕ್ಕೆ ಹೋಗಿದ್ದ. ಈ ಮಳೆಯಲ್ಲಿ ಜಿಗಣೆ ಎಷ್ಟು ಅಂತ ನಿಮಗೇ ಗೊತ್ತು. ಕಾಲಿಗೆ ಮೂರು ಕಡೆ ಹತ್ತಿತ್ತು. ಜಿಗಣೆ ಕಚ್ಚಿದರೆ ರಕ್ತ ನಿಲ್ಲುವುದು ತಡ, ಅದಕ್ಕೆ ಸುಣ್ಣ ಹಚ್ಚಿ ಸುಮ್ಮನಾದೆವು. ರಾತ್ರಿ ಊಟದ ಹೊತ್ತಿಗೂ ಬಟ್ಟೆ ಒದ್ದೆಯಾಗುತ್ತಲೇ ಇತ್ತು. ಬುಧವಾರ ಮೂಗಿನಿಂದ ರಕ್ತ ಬಂತು. ಶುಕ್ರವಾರ ಸ್ನಾನ ಮಾಡಿಸುವಾಗ ನೋಡಿದರೆ ಮೊಣಕಾಲ ಕೆಳಗೆ, ತೊಡೆಯಲ್ಲಿ ನೀಲಿ ಕಲೆಗಳು. ಬಿದ್ದೆಯಾ ಅಂತ ಕೇಳಿದೆ. ಇಲ್ಲ ಅಂದ.

ನಿನ್ನೆ ರಕ್ತ ಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 11.4, ಬಿಳಿ ರಕ್ತಕಣ 5,600. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣ 92 ಸಾವಿರ. ಪಕ್ಕದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರಬೇಕು ಅಂತ ಬರೆದಿದೆ. ಮೈಸೂರಿನ ಡಾಕ್ಟರ್ ಸಿಗುವುದು ಗುರುವಾರ. ಮನೆಯಲ್ಲಿ ಒಬ್ಬರು ಸಿರಪ್ ಇವತ್ತೇ ನಿಲ್ಲಿಸು ಅನ್ನುತ್ತಾರೆ. ಇನ್ನೊಬ್ಬರು ಬೇಡ ಅನ್ನುತ್ತಾರೆ. ಬೆಳಗಿನ ಡೋಸ್ ಕೊಡಲಾ, ಬಿಡಲಾ? ದಯವಿಟ್ಟು ಅನುಭವ ಇರುವವರು ಹೇಳಿ.

ಮಡಿಕೇರಿ ನರ್ಸ್ | ಭಾನುವಾರ, ರಾತ್ರಿ 10:25

ತಂಗಿ, ನೀವಾಗಿ ನಿಲ್ಲಿಸಬೇಡಿ. ಹಾಗಂತ ಗುರುವಾರದವರೆಗೆ ಕಾಯಲೂ ಬೇಡಿ. ನಾಳೆ ಬೆಳಿಗ್ಗೆಯೇ ಮೈಸೂರಿಗೆ ಫೋನ್ ಮಾಡಿ, ರಿಪೋರ್ಟಿನ ಫೋಟೋ ಕಳಿಸಿ. ಸಿಗದೇ ಇದ್ದರೆ ಮಡಿಕೇರಿಗೆ ಕರೆದುಕೊಂಡು ಬಂದು ಮಕ್ಕಳ ಡಾಕ್ಟರಿಗೆ ತೋರಿಸಿ.

ನಾನು ಡಾಕ್ಟರ್ ಅಲ್ಲ. ಮಕ್ಕಳ ವಾರ್ಡಿನಲ್ಲಿ ತುಂಬಾ ವರ್ಷ ಕೆಲಸ ಮಾಡಿದವಳು. ಇಂಥ ಮಕ್ಕಳನ್ನು ನೋಡಿದ್ದೇನೆ. ಪ್ಲೇಟ್‌ಲೆಟ್ ಇಳಿದದ್ದಕ್ಕಿಂತ, ಹೆದರಿ ಸಿರಪ್ ನಿಲ್ಲಿಸಿ ಮೂರನೇ ದಿನ ನಿಲ್ಲದ ಫಿಟ್ಸ್ ಜೊತೆ ಬಂದ ಮಕ್ಕಳೇ ನನಗೆ ಜಾಸ್ತಿ ನೆನಪಿರುವುದು. ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ವಾಲ್ಪ್ರೊಯೇಟ್‌ನಿಂದ ಪ್ಲೇಟ್‌ಲೆಟ್ ಇಳಿಯಬಹುದು ಅನ್ನುವುದು ಡಾಕ್ಟರುಗಳಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಡೋಸ್ ಏರಿದಷ್ಟೂ ಇದು ಜಾಸ್ತಿ. ರಕ್ತದಲ್ಲಿ ಔಷಧಿಯ ಮಟ್ಟ ಸಾಮಾನ್ಯವಾಗಿ ಮಿಲಿಲೀಟರಿಗೆ 50ರಿಂದ 100 ಮೈಕ್ರೋಗ್ರಾಂ ಇರಲಿ ಅಂತ ನೋಡುತ್ತಾರೆ. ಅದಕ್ಕಿಂತ ಮೇಲೆ ಹೋದರೆ ಈ ತೊಂದರೆ ಜಾಸ್ತಿ ಕಾಣುತ್ತದೆ. ಡೋಸ್ ಇಳಿಸಿದರೆ ಬಹಳ ಮಕ್ಕಳಲ್ಲಿ ಪ್ಲೇಟ್‌ಲೆಟ್ ಮತ್ತೆ ಏರುತ್ತದೆ. ಎಷ್ಟು ಇಳಿಸಬೇಕು, ಇಳಿಸಬೇಕಾ ಬೇಡವಾ ಅನ್ನುವುದು ಡಾಕ್ಟರ್ ಕೆಲಸ.

92 ಸಾವಿರ ಅಂದರೆ ಒಳಗೆ ತಾನಾಗಿ ರಕ್ತ ಸೋರುವ ಮಟ್ಟ ಅಲ್ಲ. ಆ ಭಯ ಸಾಮಾನ್ಯವಾಗಿ 20 ಸಾವಿರದ ಕೆಳಗೆ. ಆದರೆ ನಿಮ್ಮ ಮಗನಿಗೆ ಕಲೆ ಇದೆ, ಮೂಗಿನ ರಕ್ತ ಬಂದಿದೆ. ಹಾಗಾಗಿ ಬರೀ ಸಂಖ್ಯೆ ನೋಡಿ ಸುಮ್ಮನಿರುವ ಹಾಗೂ ಇಲ್ಲ. ವಾಲ್ಪ್ರೊಯೇಟ್ ತೆಗೆದುಕೊಳ್ಳುವ ಕೆಲವು ಮಕ್ಕಳಲ್ಲಿ ಸಂಖ್ಯೆ ಸರಿಯಿದ್ದರೂ ಪ್ಲೇಟ್‌ಲೆಟ್ ಕೆಲಸ ಮಾಡುವುದು ಮಂದವಾಗುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಫೈಬ್ರಿನೋಜೆನ್, ವಾನ್ ವಿಲ್ಲೆಬ್ರಾಂಡ್ ಅನ್ನುವ ಪ್ರೋಟೀನ್‌ಗಳೂ ಕಡಿಮೆಯಾಗಬಹುದು. ಅದಕ್ಕೇ ಹಲ್ಲು ಕೀಳಿಸುವ ಮೊದಲು, ಯಾವುದೇ ಆಪರೇಷನ್ನಿಗೆ ಮೊದಲು ಈ ಔಷಧಿಯ ಹೆಸರು ಹೇಳಲೇಬೇಕು.

ಈ ರಾತ್ರಿಗೆ ಇಷ್ಟು ನೋಡಿ. ಚರ್ಮದ ಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ ಇದೆಯಾ? ಗಾಜಿನ ಲೋಟ ಒತ್ತಿದರೂ ಅದು ಮಾಯವಾಗುವುದಿಲ್ಲವಾ? ವಸಡಿನಲ್ಲಿ ರಕ್ತ, ಮೂತ್ರ ಕೆಂಪು, ಮಲ ಕಪ್ಪು, ತಲೆನೋವಿನ ಜೊತೆ ವಾಂತಿ, ಎಬ್ಬಿಸಿದರೂ ಏಳದಷ್ಟು ಮಂಪರು? ಇದರಲ್ಲಿ ಒಂದಿದ್ದರೂ ಬೆಳಗಾಗುವುದು ಕಾಯದೆ 108ಕ್ಕೆ ಫೋನ್ ಮಾಡಿ.

ಮೂಗಿನ ರಕ್ತ ಮತ್ತೆ ಬಂದರೆ ತಲೆ ಹಿಂದಕ್ಕೆ ಬಾಗಿಸಬೇಡಿ. ಕೂರಿಸಿ, ಸ್ವಲ್ಪ ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆ ಭಾಗ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಜ್ವರ ಏನಾದರೂ ಇತ್ತಾ? ಇದ್ದರೆ ಐಬುಪ್ರೊಫೆನ್, ಆಸ್ಪಿರಿನ್ ಬೇಡವೇ ಬೇಡ. ಪ್ಯಾರಾಸಿಟಮಾಲ್ ಸಾಕು, ತೂಕಕ್ಕೆ ತಕ್ಕಷ್ಟು.

ನಾಪೋಕ್ಲು ಅಮ್ಮ | ಭಾನುವಾರ, ರಾತ್ರಿ 10:41

ಅಕ್ಕ, ಈಗ ಟಾರ್ಚ್ ಹಿಡಿದು ಮೈಯೆಲ್ಲ ನೋಡಿದೆ. ಚುಕ್ಕೆ ಇಲ್ಲ, ನೀಲಿ ಕಲೆ ಮಾತ್ರ. ಹತ್ತು ದಿನದ ಹಿಂದೆ ಎರಡು ದಿನ ಜ್ವರ, ಶೀತ ಇತ್ತು. ಈಗ ಇಲ್ಲ. ನಿದ್ದೆ ಮಾಡುತ್ತಿದ್ದಾನೆ.

ವಿರಾಜಪೇಟೆ ಲ್ಯಾಬ್ | ಸೋಮವಾರ, ಬೆಳಿಗ್ಗೆ 6:30

ಮೇಡಂ, ನಾನು ಲ್ಯಾಬ್ ಟೆಕ್ನೀಷಿಯನ್. ನರ್ಸ್ ಅಕ್ಕ ಹೇಳಿದ್ದೆಲ್ಲ ಸರಿ. ರಿಪೋರ್ಟ್ ಬಗ್ಗೆ ನನ್ನ ಕಡೆಯಿಂದ ಎರಡು ಮಾತು.

ಮಕ್ಕಳ ರಕ್ತ ತೆಗೆಯುವುದು ಕಷ್ಟ. ಅಳುತ್ತಾರೆ, ಕೈ ಎಳೆಯುತ್ತಾರೆ, ರಕ್ತ ನಿಧಾನವಾಗಿ ಬರುತ್ತದೆ. ಅಷ್ಟರಲ್ಲಿ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಗುಂಪಾಗುತ್ತವೆ. ಮೆಷಿನ್ ಆ ಗುಂಪನ್ನು ಪ್ಲೇಟ್‌ಲೆಟ್ ಅಂತ ಎಣಿಸುವುದಿಲ್ಲ. ಸಂಖ್ಯೆ ಸುಳ್ಳೇ ಕಡಿಮೆ ಬರುತ್ತದೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ ರಾಸಾಯನಿಕದಿಂದಲೇ ಕೆಲವರ ರಕ್ತ ಹೀಗೆ ಗುಂಪುಗಟ್ಟುವುದೂ ಉಂಟು. ಅದಕ್ಕೇ ಪ್ಲೇಟ್‌ಲೆಟ್ ಕಡಿಮೆ ಬಂದಾಗ ಗಾಜಿನ ಸ್ಲೈಡ್ ಮೇಲೆ ರಕ್ತ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಇದಕ್ಕೆ ಸ್ಮಿಯರ್ ಅನ್ನುತ್ತೇವೆ. ಗುಂಪು ಕಂಡರೆ ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ತೆಗೆದು ನೋಡುತ್ತೇವೆ. ನಿಮ್ಮ ರಿಪೋರ್ಟಿನಲ್ಲಿ ಸ್ಮಿಯರ್ ಬಗ್ಗೆ ಒಂದು ಸಾಲು ಇದೆಯಾ ನೋಡಿ. ಇಲ್ಲದಿದ್ದರೆ ಕೇಳಿ ಮಾಡಿಸಿ. ಕಲೆ, ಮೂಗಿನ ರಕ್ತ ಎರಡೂ ಇರುವುದರಿಂದ ನಿಮ್ಮದು ನಿಜವಾದ ಇಳಿಕೆಯೇ ಇರಬಹುದು. ಆದರೂ ಖಾತ್ರಿ ಬೇಕು ಅಲ್ವಾ?

ಎರಡನೆಯದು ಇಲ್ಲಿರುವ ಎಲ್ಲ ಅಪ್ಪ ಅಮ್ಮಂದಿರಿಗೆ. ಬಿಳಿ ರಕ್ತಕಣದ ಒಟ್ಟು ಸಂಖ್ಯೆ ಒಂದನ್ನೇ ನೋಡಬೇಡಿ. ಸೋಂಕಿನ ಜೊತೆ ಮೊದಲು ಹೋರಾಡುವುದು ಅದರಲ್ಲಿನ ನ್ಯೂಟ್ರೋಫಿಲ್. ಒಟ್ಟು ಸಂಖ್ಯೆಯನ್ನು ನ್ಯೂಟ್ರೋಫಿಲ್‌ನ ಶೇಕಡಾದಿಂದ ಗುಣಿಸಿ, ನೂರರಿಂದ ಭಾಗಿಸಿ. ಒಟ್ಟು 3,800, ನ್ಯೂಟ್ರೋಫಿಲ್ ಶೇ. 40 ಇದ್ದರೆ 1,520. ಒಟ್ಟು ಸಂಖ್ಯೆ ಕಡಿಮೆ ಕಂಡರೂ ಈ ಮಗು ಹೆದರುವ ಮಟ್ಟದಲ್ಲಿಲ್ಲ. 1,500ರ ಕೆಳಗೆ ಬಂದರೆ ಡಾಕ್ಟರಿಗೆ ಹೇಳಬೇಕು. 500ರ ಕೆಳಗೆ ಹೋಗಿ ಜ್ವರವೂ ಇದ್ದರೆ ಗಂಟೆಗಳ ಲೆಕ್ಕ, ನೇರ ಆಸ್ಪತ್ರೆ.

ಚಿಕ್ಕ ಮಕ್ಕಳಲ್ಲಿ ನಾಲ್ಕೈದು ವರ್ಷದವರೆಗೆ ಲಿಂಫೋಸೈಟ್ ಅನ್ನುವ ಇನ್ನೊಂದು ಬಗೆಯ ಬಿಳಿ ಕಣ ಜಾಸ್ತಿ, ನ್ಯೂಟ್ರೋಫಿಲ್ ಕಡಿಮೆ ಇರುವುದೇ ಸಹಜ. ರಿಪೋರ್ಟಿನಲ್ಲಿ ದೊಡ್ಡವರ ಅಳತೆ ಅಚ್ಚಾಗಿದ್ದರೆ ಎಲ್ಲದಕ್ಕೂ ದಪ್ಪ ಅಕ್ಷರ ಬಿದ್ದಿರುತ್ತದೆ. ಅದನ್ನು ನೋಡಿ ನಮ್ಮ ಲ್ಯಾಬ್ ಬಾಗಿಲಲ್ಲೇ ಅತ್ತ ತಾಯಂದಿರಿದ್ದಾರೆ.

ಭಾಗಮಂಡಲ ಅಜ್ಜ | ಸೋಮವಾರ, ಬೆಳಿಗ್ಗೆ 7:15

ಮಗಳೇ, ನನಗೆ 71 ವರ್ಷ. ನಮ್ಮ ಕಾಲದಲ್ಲಿ ಇಷ್ಟೊಂದು ಮಾತ್ರೆ ಇರಲಿಲ್ಲ. ಪಪ್ಪಾಯಿ ಎಲೆಯ ರಸ ದಿನಾ ಎರಡು ಚಮಚ ಕೊಡು, ಪ್ಲೇಟ್‌ಲೆಟ್ ಏರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಒಂದು ವಾರ ಸಿರಪ್ ಬಿಟ್ಟು ನೋಡು. ಮೈಯಲ್ಲಿ ವಿಷ ಸೇರಿದರೆ ಮೊದಲು ಅದನ್ನು ನಿಲ್ಲಿಸಬೇಕಲ್ಲವೇ? ಮಗುವಿನ ಮೇಲಿನ ಪ್ರೀತಿಯಿಂದ ಹೇಳಿದೆ.

ಮಡಿಕೇರಿ ನರ್ಸ್ | ಸೋಮವಾರ, ಬೆಳಿಗ್ಗೆ 8:05

ಅಜ್ಜ, ನಿಮ್ಮ ಪ್ರೀತಿ ಅರ್ಥವಾಗುತ್ತದೆ. ಆದರೆ ಈ ಮಾತು ಇಲ್ಲಿ ಬೇರೆಯವರೂ ಓದುತ್ತಾರೆ, ಅದಕ್ಕೆ ಉತ್ತರ ಹೇಳಲೇಬೇಕು.

ವಾಲ್ಪ್ರೊಯೇಟ್ ಕುಡಿಯುವ ಮಗುವಿನ ಲಿವರ್ ಮೊದಲೇ ಆ ಔಷಧಿಯನ್ನು ಕರಗಿಸುವ ಕೆಲಸ ಮಾಡುತ್ತಿರುತ್ತದೆ. ಎರಡು ವರ್ಷದ ಒಳಗಿನ ಮಕ್ಕಳಲ್ಲಿ ಈ ಔಷಧಿ ಲಿವರನ್ನೇ ಕೆಡಿಸುವ ಅಪಾಯ ಜಾಸ್ತಿ ಅಂತ ಡಾಕ್ಟರುಗಳು ಬಹಳ ಎಚ್ಚರದಿಂದ ಕೊಡುತ್ತಾರೆ. ಅದರ ಜೊತೆ ಅಳತೆ ಇಲ್ಲದ ಎಲೆ ರಸ ಕೊಟ್ಟು, ಆಮೇಲೆ ವಾಂತಿಯಾದರೆ ಯಾವುದರಿಂದ ಆಯಿತು ಅಂತ ಹೇಳುವವರು ಯಾರು? ಇನ್ನು ಸಿರಪ್ ಬಿಡುವುದು. ಒಂದು ವಾರ ಬಿಟ್ಟು ನೋಡುವುದು ಅಂದರೆ ಫಿಟ್ಸ್ ಬರುತ್ತದಾ ಅಂತ ಕಾದು ನೋಡುವುದು. ಐದು ನಿಮಿಷಕ್ಕಿಂತ ಜಾಸ್ತಿ ನಿಲ್ಲದ ಫಿಟ್ಸ್ ಜೀವಕ್ಕೇ ಅಪಾಯ. ನಾಪೋಕ್ಲು ಕಡೆಯಿಂದ ಈ ಮಳೆಯಲ್ಲಿ, ಮರ ಬಿದ್ದ ರಸ್ತೆಯಲ್ಲಿ ಐದು ನಿಮಿಷದಲ್ಲಿ ಎಲ್ಲಿಗೆ ಮುಟ್ಟಬಹುದು, ನೀವೇ ಹೇಳಿ ಅಜ್ಜ.

ಕುಶಾಲನಗರ ಅಪ್ಪ | ಸೋಮವಾರ, ಬೆಳಿಗ್ಗೆ 9:30

ನನ್ನ ಮಗಳ ಕಥೆ ಹೇಳುತ್ತೇನೆ. ಅವಳದ್ದು ಪ್ಲೇಟ್‌ಲೆಟ್ ಅಲ್ಲ, ಬೇರೆ. ಆದರೆ ಇದು ಪ್ರತಿ ಮನೆಗೂ ಗೊತ್ತಿರಬೇಕು ಅಂತ ನನಗೆ ಅನ್ನಿಸುತ್ತದೆ.

ಅವಳಿಗೆ ಆಗ 9 ವರ್ಷ. ಮೊದಲ ಸಲ ಫಿಟ್ಸ್ ಬಂದಾಗ ಫೆನಿಟಾಯಿನ್ ಶುರು ಮಾಡಿದರು. 1938ರಿಂದ ಬಳಕೆಯಲ್ಲಿರುವ ಔಷಧಿ. ಇಷ್ಟು ಹಳೆಯ ಔಷಧಿ ಅಂದರೆ ಎಲ್ಲರಿಗೂ ಇದರ ಗುಣ ದೋಷ ಗೊತ್ತಿರುತ್ತದೆ ಅಂತ ನಾನು ನಂಬಿದ್ದೆ. ಮೂರನೇ ವಾರ ಜ್ವರ ಬಂತು. 103 ಡಿಗ್ರಿ. ಮಾರನೇ ದಿನ ಎದೆ, ಬೆನ್ನು ತುಂಬ ಕೆಂಪು ದದ್ದು. ಹತ್ತಿರದ ಕ್ಲಿನಿಕ್‌ನಲ್ಲಿ ದಡಾರ ಇರಬಹುದು ಅಂದರು. ಆಂಟಿಬಯೋಟಿಕ್ ಕೊಟ್ಟರು. ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ ಅಂತ ಅವರೂ ಕೇಳಲಿಲ್ಲ, ನಮಗೂ ಹೇಳಬೇಕು ಅನ್ನಿಸಲಿಲ್ಲ. ಮತ್ತೆ ಮೂರು ದಿನ ಅದೇ ಮಾತ್ರೆ ನುಂಗಿಸಿದೆವು. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಕಿವುಚುತ್ತದೆ.

ಐದನೇ ದಿನ ಬೆಳಿಗ್ಗೆ ಮುಖ ಊದಿ ಕಣ್ಣು ಮುಚ್ಚಿಹೋಗಿತ್ತು. ಕತ್ತಿನಲ್ಲಿ ಗಡ್ಡೆ. ಮೈಸೂರಿಗೆ ಓಡಿದೆವು. ಅಲ್ಲಿ ರಕ್ತ ನೋಡಿದಾಗ ಅಲರ್ಜಿಯಲ್ಲಿ ಏರುವ ಬಿಳಿ ಕಣ, ಇಯೋಸಿನೋಫಿಲ್, ಶೇ. 18. ಲಿವರ್ ಎಂಜೈಮ್ ಹತ್ತು ಪಟ್ಟು ಮೇಲೆ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ಹೊಸದಾಗಿ ಯಾವ ಮಾತ್ರೆ, ಎಷ್ಟು ವಾರ ಆಯಿತು?" ಇದಕ್ಕೆ ಡ್ರೆಸ್ ಅನ್ನುತ್ತಾರೆ. ದೇಹದ ರಕ್ಷಣಾ ಪಡೆ ಔಷಧಿಯ ಮೇಲೆ ತಿರುಗಿ ಬಿದ್ದು, ಆ ಹೊಡೆತ ಲಿವರ್, ಕಿಡ್ನಿಗೂ ಬೀಳುತ್ತದೆ. ಹೊಸ ಮಾತ್ರೆ ಶುರುವಾದ ಎರಡರಿಂದ ಎಂಟು ವಾರದ ಒಳಗೆ ಬರುವುದು ಜಾಸ್ತಿ. ಆ ಮಾತ್ರೆಯನ್ನು ಅಲ್ಲೇ ನಿಲ್ಲಿಸಿ, ಅದೇ ದಿನ ಲೆವೆಟಿರಾಸಿಟಮ್ ಅನ್ನುವ ಬೇರೆ ಫಿಟ್ಸ್ ಔಷಧಿ ಹಾಕಿದರು. 12 ದಿನ ಆಸ್ಪತ್ರೆಯಲ್ಲಿದ್ದೆವು.

ನರ್ಸ್ ಮೇಡಂ ನೀವಾಗಿ ನಿಲ್ಲಿಸಬೇಡಿ ಅಂದದ್ದನ್ನು ನಾನೂ ಒಪ್ಪುತ್ತೇನೆ. ಆದರೆ ಜ್ವರದ ಜೊತೆ ದದ್ದು ಬಂದರೆ ಮುಂದಿನ ಡೋಸ್ ಕೊಡುವ ಮೊದಲೇ ಡಾಕ್ಟರ್ ಹತ್ತಿರ ಇರಬೇಕು. ಬಾಯಿ ಹುಣ್ಣಾಗಿ ಸಿಪ್ಪೆ ಏಳುವುದು, ಕಣ್ಣು ಕೆಂಪಾಗಿ ಅಂಟುವುದು, ಚರ್ಮ ಗುಳ್ಳೆ ಏಳುವುದು ಕಂಡರೂ ಹಾಗೆಯೇ. ಅದು ಸ್ಟೀವನ್ಸ್ ಜಾನ್ಸನ್ ಇರಬಹುದು, ಔಷಧಿಯಿಂದ ಚರ್ಮ ಸುಲಿದು ಬರುವ ಗಂಭೀರ ಕಾಯಿಲೆ. ಅಂಥ ಮಾತ್ರೆ ನಿಲ್ಲಿಸಿದರೂ ಫಿಟ್ಸ್‌ಗೆ ಇನ್ನೊಂದು ಔಷಧಿಯ ಕಾವಲು ಬೇಕು, ಅದು ಆಸ್ಪತ್ರೆಯಲ್ಲೇ ಆಗಬೇಕಾದ ಕೆಲಸ.

ಇನ್ನೂ ಒಂದು. ಫೆನಿಟಾಯಿನ್ ಒಗ್ಗದ ಮಗುವಿಗೆ ಕಾರ್ಬಮಜೆಪಿನ್, ಫೀನೋಬಾರ್ಬಿಟೋನ್ ಕೂಡ ಒಗ್ಗದೇ ಇರುವ ಸಾಧ್ಯತೆ ಬಹಳ. ಇವು ಒಂದೇ ಕುಟುಂಬದ ಹಾಗೆ. ಲ್ಯಾಮೋಟ್ರಿಜಿನ್, ಆಕ್ಸ್‌ಕಾರ್ಬಜೆಪಿನ್‌ಗೂ ಎಚ್ಚರ ಬೇಕು. ಅವಳಿಗೆ ಒಗ್ಗದ ಔಷಧಿಯ ಹೆಸರು ಬರೆದು ನಾನು ಒಂದು ಕಾರ್ಡ್ ಮಾಡಿಸಿ ಲ್ಯಾಮಿನೇಟ್ ಹಾಕಿಸಿದ್ದೇನೆ. ಒಂದು ಅವಳ ಸ್ಕೂಲ್ ಬ್ಯಾಗಿನಲ್ಲಿ, ಒಂದು ನನ್ನ ಪರ್ಸಿನಲ್ಲಿ, ಒಂದು ಟೀಚರ್ ಹತ್ತಿರ. ಎರಡು ವರ್ಷದ ಹಿಂದೆ ಮದುವೆ ಮನೆಯಲ್ಲಿ ಫಿಟ್ಸ್ ಬಂತು, ಅಲ್ಲೇ ಹತ್ತಿರದ ಆಸ್ಪತ್ರೆಗೆ ಹೋದೆವು. ಫೆನಿಟಾಯಿನ್ ಇಂಜೆಕ್ಷನ್ ತುಂಬಿಸಿ ತಂದಿದ್ದರು. ಕಾರ್ಡ್ ತೋರಿಸಿದೆ. ಕೈ ಹಿಂದಕ್ಕೆ ತೆಗೆದುಕೊಂಡರು. ಆ ಕ್ಷಣ ಆ ಕಾರ್ಡ್ ಇಲ್ಲದಿದ್ದರೆ?

ನಾಪೋಕ್ಲು ಅಮ್ಮ | ಸೋಮವಾರ, ಮಧ್ಯಾಹ್ನ 1:10

ಅಣ್ಣ, ಓದಿ ಮೈ ಜುಂ ಅಂತು. ಮಗಳು ಈಗ ಚೆನ್ನಾಗಿದ್ದಾಳಲ್ಲ? ನಾನೂ ಕಾರ್ಡ್ ಮಾಡಿಸುತ್ತೇನೆ.

ಬೆಳಿಗ್ಗೆ ಸಿರಪ್ ಕೊಟ್ಟೆ. ಡಾಕ್ಟರ್ ಫೋನಿಗೆ ಸಿಕ್ಕರು. ಸಿರಪ್ ಮುಂದುವರಿಸಿ, ಇವತ್ತೇ ಮತ್ತೆ ರಕ್ತ ಪರೀಕ್ಷೆ ಮಾಡಿಸಿ, ಸ್ಮಿಯರ್ ಕೂಡ ನೋಡಿಸಿ ಅಂದರು. ಡೆಂಗಿ ಟೆಸ್ಟ್, ಲಿವರ್ ಟೆಸ್ಟ್, ಔಷಧಿಯ ಮಟ್ಟ ಕೂಡ. ಮಟ್ಟ ನೋಡುವ ರಕ್ತವನ್ನು ಮುಂದಿನ ಡೋಸ್ ಕೊಡುವ ಮೊದಲು ತೆಗೆಯಬೇಕಂತೆ. ಸಂಜೆ ಡೋಸಿಗೆ ಮೊದಲು ತೆಗೆಸುತ್ತೇವೆ.

ಸಿದ್ದಾಪುರ ರೈಟರ್ | ಸೋಮವಾರ, ರಾತ್ರಿ 8:40

ನಾನು ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು. ನನ್ನ ಮಕ್ಕಳಿಗೆ ಈ ಕಾಯಿಲೆ ಇಲ್ಲ. ಆದರೆ ನಮ್ಮ ಕಾರ್ಮಿಕರ ಲೈನ್ ಮನೆಯಲ್ಲಿ ಒಂದು ಹುಡುಗಿ ಇದ್ದಳು, 11 ವರ್ಷ. ಅವಳ ಪರವಾಗಿ ಬರೆಯುತ್ತೇನೆ. ಅವಳ ಅಪ್ಪ ಅಮ್ಮ ಇಲ್ಲಿ ಬಂದು ಬರೆಯುವವರಲ್ಲ.

ಫೀನೋಬಾರ್ಬಿಟೋನ್, ಫೆನಿಟಾಯಿನ್ ಎರಡೂ ಹಲವು ವರ್ಷದಿಂದ ನುಂಗುತ್ತಿದ್ದಳು. ಕಡಿಮೆ ಬೆಲೆಯ ಮಾತ್ರೆಗಳು. ಫಿಟ್ಸ್ ಹಿಡಿತದಲ್ಲಿತ್ತು. ಹುಡುಗಿ ಬಿಳಿಚಿಕೊಂಡಳು. ಏಣಿ ಹತ್ತಿದರೆ ಏದುಸಿರು. ಹಿಮೋಗ್ಲೋಬಿನ್ 7.6. ಜಂತುಹುಳು, ಕಬ್ಬಿಣದ ಕೊರತೆ ಅಂತ ಮೂರು ತಿಂಗಳು ಕಬ್ಬಿಣದ ಮಾತ್ರೆ ಕೊಟ್ಟರು. ಏರಲೇ ಇಲ್ಲ. ಕೊನೆಗೆ ಒಬ್ಬ ಡಾಕ್ಟರಮ್ಮ ರಿಪೋರ್ಟಿನಲ್ಲಿ ಕೆಂಪು ಕಣದ ಗಾತ್ರ ನೋಡಿದರು. 108 ಇತ್ತು. ಕಬ್ಬಿಣ ಕಡಿಮೆಯಾದರೆ ಕಣ ಸಣ್ಣದಾಗುತ್ತದೆ, ಇಲ್ಲಿ ದೊಡ್ಡದಾಗಿದೆ, ಇದು ಫೋಲೇಟ್ ಅಥವಾ ಬಿ12 ವಿಟಮಿನ್ ಕೊರತೆಯ ಗುರುತು ಅಂದರು. ಈ ಹಳೆಯ ಫಿಟ್ಸ್ ಮಾತ್ರೆಗಳು ವರ್ಷಗಟ್ಟಲೆ ತೆಗೆದುಕೊಂಡರೆ ದೇಹದ ಫೋಲೇಟ್ ಇಳಿಯುತ್ತದಂತೆ. ಮನೆಯಲ್ಲಿ ಗಂಜಿ, ಚಟ್ನಿ. ಸೊಪ್ಪು ಕಾಳು ವಾರಕ್ಕೊಮ್ಮೆ. ಎರಡೂ ಸೇರಿತು.

ಬಿ12 ಸರಿಯಿತ್ತು. ಫೋಲಿಕ್ ಆ್ಯಸಿಡ್ ಅನ್ನುವ ಫೋಲೇಟ್ ಮಾತ್ರೆ ಶುರು ಮಾಡಿದ ಮೇಲೆ ಎರಡು ತಿಂಗಳಲ್ಲಿ ಹಿಮೋಗ್ಲೋಬಿನ್ 10 ದಾಟಿತು. ಕೆನ್ನೆಗೆ ಬಣ್ಣ ಬಂದದ್ದು ನನಗೇ ಕಾಣುತ್ತಿತ್ತು. ಆದರೆ ಯಾರೂ ಅಂಗಡಿಯಿಂದ ತಂದು ತಾವೇ ಕೊಡಬೇಡಿ. ಫೋಲಿಕ್ ಆ್ಯಸಿಡ್ ಜಾಸ್ತಿ ಕೊಟ್ಟರೆ ರಕ್ತದಲ್ಲಿ ಫೆನಿಟಾಯಿನ್ ಮಟ್ಟ ಇಳಿದು ಫಿಟ್ಸ್ ಮತ್ತೆ ಬರಬಹುದು ಅಂತ ಆ ಡಾಕ್ಟರಮ್ಮ ಎರಡು ಸಲ ಹೇಳಿ ಕಳಿಸಿದರು. ನಮ್ಮ ಆದಿವಾಸಿ ಹಾಡಿಗಳ ಮಕ್ಕಳಲ್ಲಿ ಸಿಕಲ್ ಸೆಲ್ ಅನ್ನುವ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಕೂಡ ಇರುತ್ತದೆ, ರಕ್ತ ಕಡಿಮೆ ಅಂದಾಗ ಅದನ್ನೂ ನೋಡಬೇಕು ಅಂದರು. ಇವಳಿಗೆ ಅದು ಇರಲಿಲ್ಲ.

ಒಂದು ರಕ್ತ ಪರೀಕ್ಷೆಗೆ ಹೋದರೆ ಇಬ್ಬರ ಒಂದು ದಿನದ ಕೂಲಿ ಹೋಗುತ್ತದೆ. ಬಸ್ ಚಾರ್ಜ್ ಬೇರೆ. ಮುಂದಿನ ಕೊಯ್ಲಿಗೆ ಬೇರೆ ತೋಟಕ್ಕೆ ಹೋದರು. ಚೀಟಿಗಳು ಎಲ್ಲಿ ಕಳೆದುಹೋಗುತ್ತವೋ ಅಂತ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಮಾತ್ರೆ ಹೆಸರು, ಡೋಸ್, ಪ್ರತಿ ಸಲದ ಹಿಮೋಗ್ಲೋಬಿನ್ ಬರೆದು ಕೊಟ್ಟಿದ್ದೇನೆ. ಹೊಸ ತೋಟದ ರೈಟರ್‌ಗೂ ಫೋನ್ ಮಾಡಿ ಹೇಳಿದ್ದೇನೆ. ತೋಟದ ಮಾಲೀಕರು ಯಾರಾದರೂ ಇದನ್ನು ಓದುತ್ತಿದ್ದರೆ, ಪರೀಕ್ಷೆಗೆ ಹೋಗುವ ದಿನದ ಕೂಲಿ ಹಿಡಿಯಬೇಡಿ. ಇದು ನನ್ನ ಕೈ ಮುಗಿದ ಕೋರಿಕೆ.

ಗೋಣಿಕೊಪ್ಪ ಅಮ್ಮ | ಮಂಗಳವಾರ, ಬೆಳಿಗ್ಗೆ 10:00

ನನ್ನ ಮಗಳಿಗೆ ವಾಲ್ಪ್ರೊಯೇಟ್ ಜೊತೆ ಲ್ಯಾಮೋಟ್ರಿಜಿನ್ ಸೇರಿಸುತ್ತಿದ್ದಾರೆ. ಎಷ್ಟು ನಿಧಾನ ಅಂದರೆ ಎರಡು ವಾರಕ್ಕೊಮ್ಮೆ ಒಂದು ಚೂರು ಏರಿಸುತ್ತಾರೆ. ಅಷ್ಟರಲ್ಲಿ ಫಿಟ್ಸ್ ಬರುತ್ತಲೇ ಇದೆ. ಬೇಗ ಏರಿಸಿ ಅಂತ ಕೇಳಬಹುದಾ?

ಮಡಿಕೇರಿ ನರ್ಸ್ | ಮಂಗಳವಾರ, ಬೆಳಿಗ್ಗೆ 11:20

ಕೇಳಬೇಡಿ ಅಕ್ಕ. ಆ ನಿಧಾನವೇ ನಿಮ್ಮ ಮಗಳ ರಕ್ಷಣೆ. ವಾಲ್ಪ್ರೊಯೇಟ್ ಇದ್ದರೆ ಲ್ಯಾಮೋಟ್ರಿಜಿನ್ ದೇಹದಿಂದ ಹೊರಗೆ ಹೋಗುವುದು ತಡ. ಮಟ್ಟ ಸುಮಾರು ಎರಡು ಪಟ್ಟಾಗುತ್ತದೆ. ಬೇಗ ಏರಿಸಿದರೆ ಅಪಾಯದ ದದ್ದು ಬರುವುದು ಜಾಸ್ತಿ, ಅದರಲ್ಲೂ ದೊಡ್ಡವರಿಗಿಂತ ಮಕ್ಕಳಲ್ಲಿ ಜಾಸ್ತಿ. 2018ರಲ್ಲಿ ಅಮೆರಿಕದ ಔಷಧ ಇಲಾಖೆ ಇದೇ ಔಷಧಿಗೆ ಇನ್ನೊಂದು ಎಚ್ಚರಿಕೆ ಸೇರಿಸಿತು. ತೀರಾ ಅಪರೂಪಕ್ಕೆ ರಕ್ಷಣಾ ಕಣಗಳು ಅತಿಯಾಗಿ ಕೆರಳಿ ಸ್ವಂತ ರಕ್ತಕಣಗಳನ್ನೇ ತಿನ್ನುವ ಕಾಯಿಲೆ ಬರಬಹುದು ಅಂತ. ಅದರ ಹೆಸರು ಎಚ್‌ಎಲ್‌ಎಚ್. ಇಳಿಯದ ಜ್ವರ, ದದ್ದು, ಲಿವರ್, ಗುಲ್ಮ ಊದುವುದು, ಎಲ್ಲ ರಕ್ತಕಣವೂ ಒಟ್ಟಿಗೆ ಬೀಳುವುದು ಅದರ ಗುರುತು. 2023ರಲ್ಲಿ ಲೆವೆಟಿರಾಸಿಟಮ್, ಕ್ಲೋಬಜಾಮ್‌ಗೂ ಡ್ರೆಸ್ ಬಗ್ಗೆ ಎಚ್ಚರಿಕೆ ಬಂತು. ಹೆದರಿಸಲು ಹೇಳುತ್ತಿಲ್ಲ. ಇವೆಲ್ಲ ಅಪರೂಪ. ಆದರೆ ಬಂದಾಗ ಮೊದಲು ಕಾಣುವುದು ತಾಯಿಯ ಕಣ್ಣಿಗೆ.

ಮಾದಾಪುರ ಅಣ್ಣ | ಮಂಗಳವಾರ, ಮಧ್ಯಾಹ್ನ 2:30

ಲ್ಯಾಮೋಟ್ರಿಜಿನ್ ಬಗ್ಗೆ ನನ್ನದೊಂದು ಮಾತು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ನಾವು ಮನೆ ಬಿಟ್ಟು ಪರಿಹಾರ ಕೇಂದ್ರದಲ್ಲಿದ್ದೆವು. ಮಗನ ಮಾತ್ರೆ ಮನೆಯಲ್ಲೇ ಉಳಿಯಿತು. ಆರು ದಿನ ತಪ್ಪಿತು. ಮಾತ್ರೆ ಸಿಕ್ಕ ತಕ್ಷಣ ಹಳೆಯ ಡೋಸನ್ನೇ ಕೊಡಲು ಹೊರಟಿದ್ದೆ. ಕೇಂದ್ರಕ್ಕೆ ಬಂದಿದ್ದ ಡಾಕ್ಟರ್ ತಡೆದರು. ಅಷ್ಟು ದಿನ ತಪ್ಪಿದ ಮೇಲೆ ಒಂದೇ ಸಲ ಪೂರ್ತಿ ಡೋಸ್ ಕೊಟ್ಟರೆ ದದ್ದಿನ ಅಪಾಯ, ಮತ್ತೆ ಮೊದಲಿನಿಂದ ಸಣ್ಣ ಡೋಸಿನಲ್ಲಿ ಶುರು ಮಾಡಬೇಕು ಅಂದರು. ಆ ವಾರಗಳಿಗೆ ಬೇರೆ ಮಾತ್ರೆ ಕೊಟ್ಟರು. ಅಂದಿನಿಂದ ಜೂನ್ ಬಂದರೆ ಒಂದು ತಿಂಗಳ ಮಾತ್ರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಬಾಗಿಲ ಹತ್ತಿರವೇ ಇಡುತ್ತೇನೆ.

ಸೋಮವಾರಪೇಟೆ ಅಮ್ಮ | ಮಂಗಳವಾರ, ರಾತ್ರಿ 9:15

ನನ್ನ ಪಾಪುವಿಗೆ ಆರು ತಿಂಗಳಲ್ಲಿ ಇನ್‌ಫೆಂಟೈಲ್ ಸ್ಪಾಸಂ, ಅಂದರೆ ಹಸುಗೂಸುಗಳಿಗೆ ಬರುವ ಒಂದು ಬಗೆಯ ಫಿಟ್ಸ್ ಅಂತ ಗೊತ್ತಾಯಿತು. ಮೈ ಮುದುಡಿ ಮುದುಡಿ ಬರುತ್ತಿತ್ತು. ಸ್ಟೀರಾಯ್ಡ್ ಕೊಟ್ಟರು, ಜಾಸ್ತಿ ಡೋಸಿನಲ್ಲಿ, ವಾರಗಟ್ಟಲೆ. ಫಿಟ್ಸ್ ನಿಂತಿತು, ದೇವರ ದಯೆ. ಆದರೆ ಸ್ಟೀರಾಯ್ಡ್ ಇರುವಷ್ಟು ದಿನ ಮಗುವಿನ ರೋಗ ತಡೆಯುವ ಶಕ್ತಿ ಕಡಿಮೆ ಇರುತ್ತದೆ. ಒಂಬತ್ತು ತಿಂಗಳಿಗೆ ದಡಾರ ರುಬೆಲ್ಲಾ ಲಸಿಕೆಗೆ ಕರೆ ಬಂತು. ಅದು ಜೀವಂತ ವೈರಸ್ ಇರುವ ಲಸಿಕೆ. ಡಾಕ್ಟರ್ ಮೊದಲೇ ಚೀಟಿ ಬರೆದು ಕೊಟ್ಟಿದ್ದರು: ಸ್ಟೀರಾಯ್ಡ್ ನಿಂತು ಕನಿಷ್ಠ ಒಂದು ತಿಂಗಳಾದ ಮೇಲೆ. ಪೋಲಿಯೋ ಹನಿಯೂ ಜೀವಂತ ಲಸಿಕೆಯೇ, ಅದನ್ನೂ ಕೇಳಿಕೊಂಡೇ ಹಾಕಿಸಿದೆವು. ಬೇರೆ ಲಸಿಕೆಗಳ ಬಗ್ಗೆಯೂ ಕೇಳಿ ಹಾಕಿಸಿದೆವು. ಆಶಾ ಅಕ್ಕನಿಗೆ ಚೀಟಿ ತೋರಿಸಿದೆ, ತನ್ನ ಪುಸ್ತಕದಲ್ಲಿ ಬರೆದುಕೊಂಡು ಸರಿಯಾಗಿ ತಿಂಗಳ ಮೇಲೆ ಅವಳೇ ಬಂದು ನೆನಪಿಸಿದಳು.

ಪಕ್ಕದ ಮನೆಯಲ್ಲಿ ಸೀತಾಳೆ ಸಿಡುಬು ಬಂದಾಗ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿದೆ. ಸ್ಟೀರಾಯ್ಡ್ ತೆಗೆದುಕೊಳ್ಳುವ ಪಾಪುವಿಗೆ ಸೀತಾಳೆ ಸಿಡುಬು ತುಂಬಾ ಜೋರಾಗಬಹುದು, ಮೈಮೇಲೆ ಬರುವವರೆಗೆ ಕಾಯಬಾರದು ಅಂತ ಹೇಳಿದ್ದರು.

ನಾಪೋಕ್ಲು ಅಮ್ಮ | ಗುರುವಾರ, ರಾತ್ರಿ 11:05

ಮೈಸೂರಿನಿಂದ ಈಗ ಬಂದೆವು. ಎಲ್ಲರೂ ಕಾಯುತ್ತಿರುತ್ತೀರಿ ಅಂತ ಮಲಗುವ ಮೊದಲು ಬರೆಯುತ್ತಿದ್ದೇನೆ.

ಡೆಂಗಿ ಇಲ್ಲ. ಲಿವರ್ ಸರಿಯಿದೆ. ಸ್ಮಿಯರ್‌ನಲ್ಲಿ ಗುಂಪು ಇರಲಿಲ್ಲ, ಪ್ಲೇಟ್‌ಲೆಟ್ ನಿಜವಾಗಿಯೂ ಕಡಿಮೆ, 88 ಸಾವಿರ. ಔಷಧಿಯ ಮಟ್ಟ 118. ಹೋದ ಸಲ ತೂಕ ಏರಿದೆ ಅಂತ ಡೋಸ್ ಏರಿಸಿದ್ದರು. ಹತ್ತು ದಿನದ ಹಿಂದಿನ ಜ್ವರವೂ ಪ್ಲೇಟ್‌ಲೆಟ್ ಸ್ವಲ್ಪ ಇಳಿಸಿರಬಹುದು ಅಂದರು. ಸಿರಪ್ ಪೂರ್ತಿ ನಿಲ್ಲಿಸಿಲ್ಲ, ಡೋಸ್ ಇಳಿಸಿದ್ದಾರೆ. ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ. ಪ್ರತಿ ಮಗುವಿನ ತೂಕ ಬೇರೆ, ಯಾರಾದರೂ ನೋಡಿ ಹಾಗೇ ಮಾಡಿಬಿಟ್ಟರೆ ಅಂತ ಭಯ. ಏರದಿದ್ದರೆ ನಿಧಾನವಾಗಿ ಬೇರೆ ಔಷಧಿಗೆ ಬದಲಿಸೋಣ ಅಂದರು.

ನಾನು ಕೇಳಿದೆ: "ಡಾಕ್ಟ್ರೇ, ಪ್ರತಿ ತಿಂಗಳು ರಕ್ತ ನೋಡಿಸಿದ್ದರೆ ಮೊದಲೇ ಗೊತ್ತಾಗುತ್ತಿರಲಿಲ್ವಾ?" ಇಂಥ ಇಳಿಕೆ ಗೊತ್ತಾಗಬಹುದಿತ್ತು ಅಂದರು. ಆದರೆ ಅಸ್ಥಿಮಜ್ಜೆಯೇ ಕೆಲಸ ನಿಲ್ಲಿಸುವಂಥ ಅಪರೂಪದ ತೊಂದರೆಗಳು ಎರಡು ಪರೀಕ್ಷೆಗಳ ಮಧ್ಯೆಯೇ ಬಂದುಬಿಡುತ್ತವೆ, ಹೋದ ವಾರದ ಒಳ್ಳೆ ರಿಪೋರ್ಟ್ ನಂಬಿ ಈ ವಾರದ ಕಲೆಯನ್ನು ಕಡೆಗಣಿಸಬಾರದು ಅಂದರು. "ನೀವು ಸ್ನಾನ ಮಾಡಿಸುವಾಗ ನೋಡಿದ್ದೇ ಒಳ್ಳೆಯದಾಯಿತು" ಅಂದರು. ನನಗೆ ಅಲ್ಲೇ ಅಳು ಬಂತು.

ಬೇರೆ ಏನೇ ಕಾಯಿಲೆಗೆ ಆಸ್ಪತ್ರೆಗೆ ಸೇರಿಸಿದರೂ ಸಿರಪ್ ಹೆಸರು ಹೇಳಬೇಕಂತೆ. ಮೆರೊಪೆನೆಮ್ ಅಂತ ಒಂದು ಆಂಟಿಬಯೋಟಿಕ್ ಕೊಟ್ಟರೆ ವಾಲ್ಪ್ರೊಯೇಟ್ ಮಟ್ಟ ಒಂದೆರಡು ದಿನದಲ್ಲೇ ಕುಸಿದು ಫಿಟ್ಸ್ ಬರಬಹುದು. ಕಾರ್ಡಿನಲ್ಲಿ ಇದನ್ನೂ ಬರೆಸುತ್ತೇನೆ.

ಭಾಗಮಂಡಲ ಅಜ್ಜ | ಶುಕ್ರವಾರ, ಬೆಳಿಗ್ಗೆ 6:50

ಮಗಳೇ, ಎಲ್ಲ ಓದಿದೆ. ನಿಲ್ಲಿಸು ಅಂದದ್ದು ನನ್ನ ತಪ್ಪು. ಕುಶಾಲನಗರದ ಹುಡುಗಿಯ ಕಥೆ ಓದಿ ರಾತ್ರಿ ನಿದ್ದೆ ಬರಲಿಲ್ಲ. ಮಗುವಿಗೆ ಒಳ್ಳೆಯದಾಗಲಿ. ತಲಕಾವೇರಿಗೆ ಹೋದಾಗ ಅವನ ಹೆಸರಲ್ಲಿ ಪೂಜೆ ಮಾಡಿಸುತ್ತೇನೆ.

ನಾಪೋಕ್ಲು ಅಮ್ಮ | ನಾಲ್ಕು ವಾರದ ಮೇಲೆ, ಭಾನುವಾರ, ಸಂಜೆ 5:20

ಮೂರನೇ ವಾರದ ರಿಪೋರ್ಟ್: ಪ್ಲೇಟ್‌ಲೆಟ್ 1 ಲಕ್ಷ 38 ಸಾವಿರ. ಮಟ್ಟ 84. ಹೊಸ ಕಲೆ ಇಲ್ಲ. ಒಂದು ದಿನ ಬೆಳಗಿನ ಜಾವ ತುಟಿ ಒಂದು ಪಕ್ಕಕ್ಕೆ ಎಳೆದ ಹಾಗಾಯಿತು, ಅರ್ಧ ನಿಮಿಷ. ಡಾಕ್ಟರಿಗೆ ಹೇಳಿದ್ದೇನೆ, ಪುಸ್ತಕದಲ್ಲಿ ಬರೆದಿದ್ದೇನೆ. ಮತ್ತೆ ಬಂದರೆ ಬೇರೆ ಔಷಧಿ ಸೇರಿಸುತ್ತಾರೆ. ರಾತ್ರಿ ಈಗಲೂ ಎರಡು ಸಲ ಎದ್ದು ನೋಡುತ್ತೇನೆ.

ವಿರಾಜಪೇಟೆ ಅಣ್ಣ, ಮುಂದಿನ ಪರೀಕ್ಷೆಯ ದಿನ ಕೈಲ್ ಮುಹೂರ್ತ ಹಬ್ಬ. ಅಮ್ಮನ ಮನೆ ನಿಮ್ಮ ಕಡೆಯೇ. ಅವತ್ತು ಲ್ಯಾಬ್ ತೆರೆದಿರುತ್ತದಾ?

ವಿರಾಜಪೇಟೆ ಲ್ಯಾಬ್ | ಭಾನುವಾರ, ಸಂಜೆ 6:05

ಬೆಳಿಗ್ಗೆ ಹತ್ತರವರೆಗೆ ನಾನೇ ಇರುತ್ತೇನೆ ಮೇಡಂ. ಖಾಲಿ ಹೊಟ್ಟೆಯಲ್ಲಿ ಬರಬೇಕಾಗಿಲ್ಲ, ತಿಂಡಿ ತಿನ್ನಿಸಿಯೇ ಕರೆತನ್ನಿ. ಸಿರಪ್ ಮಾತ್ರ ರಕ್ತ ತೆಗೆದ ಮೇಲೆ ಕೊಡಿ, ಬಾಟಲಿ ಜೊತೆಗೇ ಇರಲಿ. ಸೂಜಿ ಚುಚ್ಚಿದ ಜಾಗ ಹತ್ತು ನಿಮಿಷ ನಾನೇ ಒತ್ತಿ ಹಿಡಿಯುತ್ತೇನೆ.